ಗಡಿಪಾರಾದ ಕವಿ, ಪಕ್ಷವಿಲ್ಲದ ಸಂಸದ: ನಮ್ಮ ದಿನಕರ ದೇಸಾಯಿ

ಕನ್ನಡ ಶಾಲೆಗೆ ಹೋದವರಾದರೆ ಗಡಿಯಾರವನ್ನೇ ಮಾತಾಡಿಸುವ ಒಂದು ಪದ್ಯವನ್ನು ನೀವೂ ಬಾಯಿಪಾಠ ಮಾಡಿರುತ್ತೀರಿ. ಈಗಲೂ ಅದು ನೆನಪಿಗೆ ಬಂದರೆ ತಲೆ ತಾನಾಗೇ ತಾಳಕ್ಕೆ ಅಲ್ಲಾಡುತ್ತದೆ. ಪದ್ಯದ ಕೆಳಗೆ ಕವಿಯ ಹೆಸರಿತ್ತು: ದಿನಕರ ದೇಸಾಯಿ. ಅದನ್ನೆಲ್ಲ ಆಗ ಯಾರು ಓದ್ತಿದ್ರು ಹೇಳಿ! ಪರೀಕ್ಷೆಗೆ 'ಕವಿ ಯಾರು' ಅಂತ ಕೇಳಿದರೆ ಬರೆಯೋಕೆ ಬೇಕಾಗುವಷ್ಟು ಮಾತ್ರ.

ಆ ಕವಿಯ ಬದುಕಿನ ಉಳಿದ ಭಾಗ ಪಠ್ಯಪುಸ್ತಕದಲ್ಲಿ ಇರಲಿಲ್ಲ. ರೈತರನ್ನು ಸಂಘಟಿಸಿದ್ದಕ್ಕೆ ಅವರನ್ನು ಬ್ರಿಟಿಷ್ ಸರಕಾರ ಸ್ವಂತ ಜಿಲ್ಲೆಯಿಂದಲೇ ಐದು ವರ್ಷ ಹೊರಗಿಟ್ಟಿತ್ತು. ಮುಂಬಯಿಯಲ್ಲಿ ಅವರು ಹಡಗಿನ ಕೆಲಸಗಾರರ ಮುಂದಾಳು. ಅಂಕೋಲೆಯಲ್ಲಿ ಶಾಲೆ ಕಟ್ಟಿದವರು. ಒಮ್ಮೆ ಯಾವ ಪಕ್ಷದ ಚೀಟಿಯೂ ಇಲ್ಲದೆ ಲೋಕಸಭೆಗೆ ಗೆದ್ದು ಹೋದವರು. ಇಷ್ಟೆಲ್ಲದರಲ್ಲಿ ಅವರು ಅಧಿಕಾರದ ಕುರ್ಚಿಯಲ್ಲಿ ಕೂತದ್ದು ಪೂರ್ತಿ ನಾಲ್ಕು ವರ್ಷವೂ ಅಲ್ಲ.

ಹಾಗಾದರೆ ಅವರನ್ನು ರಾಜಕಾರಣಿ ಅನ್ನಬಹುದಾ? ಅನ್ನಬಹುದು. ಆದರೆ ನಾವು ಈಗ ಟಿವಿಯಲ್ಲಿ ನೋಡುವ ಅರ್ಥದಲ್ಲಿ ಅಲ್ಲ.

ಅಲಗೇರಿಯ ಹುಡುಗ

ದಿನಕರ ದೇಸಾಯಿ ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲೂಕಿನಲ್ಲಿ. ಅಲಗೇರಿ ಅವರ ಊರು. ತಂದೆ ದತ್ತಾತ್ರೇಯ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಚೇರಿ ಕೆಲಸ, ಕೋರ್ಟು, ವ್ಯಾಪಾರ, ದುಡಿಮೆ ಎಲ್ಲಕ್ಕೂ ಜನ ನೋಡುತ್ತಿದ್ದುದು ಮುಂಬಯಿಯ ಕಡೆಗೇ. ಈಗ ಹಿಲ್ಲೂರಿನ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದ ಹಾಗೆ ಆಗಿನವರು ಮುಂಬಯಿಯ ದಾರಿ ಹಿಡಿಯುತ್ತಿದ್ದರು.

ದೇಸಾಯಿಯವರು ಹೈಸ್ಕೂಲು ಓದಿದ್ದು ಕಾರವಾರದಲ್ಲಿ. ಮುಂದೆ ಓದಬೇಕೆಂದರೆ ಜಿಲ್ಲೆಯಲ್ಲಿ ಕಾಲೇಜೇ ಇರಲಿಲ್ಲ. ಇಂಟರ್‌ಮೀಡಿಯೆಟ್‌ಗೆ ಬೆಂಗಳೂರು, ಬಿ.ಎ.ಗೆ ಮೈಸೂರು, ಎಂ.ಎ. ಮತ್ತು ಕಾನೂನಿಗೆ ಮುಂಬಯಿ. ಒಬ್ಬ ಹುಡುಗ ಡಿಗ್ರಿ ಮಾಡಲು ಮೂರು ಊರು ತಿರುಗಬೇಕಾದ ಕಾಲ ಅದು. ಮನೆಯಲ್ಲಿ ಅಷ್ಟು ಅನುಕೂಲ, ಅಷ್ಟು ಹಟ ಎರಡೂ ಇದ್ದವರು ಮಾತ್ರ ಓದುತ್ತಿದ್ದರು. ಉಳಿದವರು ಗದ್ದೆಗೆ ಇಳಿಯುತ್ತಿದ್ದರು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದುಡ್ಡು ಮಾಡುವುದಿಲ್ಲ ಎಂಬ ಪ್ರತಿಜ್ಞೆ

ಎಂ.ಎ., ಎಲ್‌ಎಲ್.ಬಿ. ಎರಡೂ ಆದ ಮನುಷ್ಯ 1930ರ ದಶಕದಲ್ಲಿ ಏನು ಬೇಕಾದರೂ ಆಗಬಹುದಿತ್ತು. ವಕೀಲಿಕೆ ಮಾಡಬಹುದಿತ್ತು, ಸರಕಾರಿ ನೌಕರಿ ಹಿಡಿಯಬಹುದಿತ್ತು. ದೇಸಾಯಿಯವರು ಸೇರಿದ್ದು 'ಭಾರತ ಸೇವಕ ಸಮಾಜ'ವನ್ನು. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಪುಣೆಯಲ್ಲಿ ಕಟ್ಟಿದ ಸಂಸ್ಥೆ ಇದು.

ಇದಕ್ಕೆ ಸೇರುವವರು ಕೆಲವು ಪ್ರತಿಜ್ಞೆ ಮಾಡಬೇಕಿತ್ತು. ಅದರಲ್ಲಿ ಒಂದು: ನನಗಾಗಿ ಹಣ ಸಂಪಾದನೆ ಮಾಡುವುದಿಲ್ಲ, ಸಂಸ್ಥೆ ಕೊಡುವಷ್ಟರಲ್ಲಿ ನನ್ನ ಮತ್ತು ಮನೆಯವರ ಸಂಸಾರ ನಡೆಸುತ್ತೇನೆ. ಪ್ಯಾಕೇಜು, ಹೈಕು, ಸ್ವಿಚ್ಚು ಅಂತ ಲೆಕ್ಕ ಹಾಕುವ ನಮಗೆ ಇದು ವಿಚಿತ್ರ ಅನಿಸಬಹುದು. ಆದರೆ ಇದು ಸಂನ್ಯಾಸ ಅಲ್ಲ. ಪೂರ್ತಿ ಸಮಯದ ಸಾರ್ವಜನಿಕ ಕೆಲಸಗಾರರನ್ನು ತಯಾರು ಮಾಡುವ ವ್ಯವಸ್ಥೆ. ಶಾಲೆ, ಸಹಕಾರ ಸಂಘ, ಕಾರ್ಮಿಕ ಸಂಘ, ಕ್ಷಾಮ ಪರಿಹಾರ, ಹೀಗೆ ಒಬ್ಬೊಬ್ಬರು ಒಂದೊಂದು ಕೆಲಸ ಹಿಡಿದು ಅದರಲ್ಲೇ ಬದುಕು ಸವೆಸುತ್ತಿದ್ದರು. ದೇಶದ ಮೊದಲ ದೊಡ್ಡ ಕಾರ್ಮಿಕ ಒಕ್ಕೂಟ ಎಐಟಿಯುಸಿ 1920ರಲ್ಲಿ ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಎನ್.ಎಂ. ಜೋಶಿಯವರೂ ಇದೇ ಸಮಾಜದವರು.

ಹಡಗಿನ ಜನ

ಮುಂಬಯಿಯಲ್ಲಿ ದೇಸಾಯಿಯವರ ಪಾಲಿಗೆ ಬಂದದ್ದು ಹಡಗಿನ ಕೆಲಸಗಾರರು. ರತ್ನಾಗಿರಿ, ಗೋವಾ, ಕರಾವಳಿಯ ಹಳ್ಳಿಗಳಿಂದ ಬಂದು ಬ್ರಿಟಿಷ್ ಕಂಪನಿಗಳ ಹಡಗಿನಲ್ಲಿ ದುಡಿಯುತ್ತಿದ್ದ ಜನ. ಒಂದು ಪ್ರಯಾಣ ಮುಗಿದರೆ ಕೆಲಸವೂ ಮುಗಿಯಿತು. ಮತ್ತೆ ಹಡಗು ಸಿಗುವವರೆಗೆ ತಿಂಗಳುಗಟ್ಟಲೆ ಬಂದರಿನ ಸುತ್ತ ಕಾಯುತ್ತ ಕೂರಬೇಕು. ಕೆಲಸ ಕೊಡಿಸಲು ನಡುವೆ ದಲ್ಲಾಳಿಗಳು, 'ಘಾಟ್ ಸಾರಂಗ'ರು ಇದ್ದರು. ಅವರ ಕೈ ಬಿಸಿ ಮಾಡದೆ ಹಡಗು ಹತ್ತುವುದು ಕಷ್ಟ. ಕೈ ಬಿಸಿ ಮಾಡಲು ಸಾಲ. ಸಾಲ ತೀರಿಸಲು ಮತ್ತೆ ಹಡಗು.

ದೇಸಾಯಿಯವರು ಈ ಜನರ ಸಂಘಟನೆಯಲ್ಲಿ ದುಡಿದರು. ಬರೇ ಭಾಷಣ ಮಾಡಲಿಲ್ಲ. ನೇಮಕ ಹೇಗೆ ನಡೆಯುತ್ತದೆ, ಸಂಬಳ ಎಷ್ಟು, ಕಾನೂನು ಏನು ಹೇಳುತ್ತದೆ ಎಂಬುದನ್ನೆಲ್ಲ ಅಭ್ಯಾಸ ಮಾಡಿ ಭಾರತದ ಹಡಗು ಕಾರ್ಮಿಕರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದು ಪ್ರಕಟವಾದದ್ದು 1940ರಲ್ಲಿ. ಮೊದಲು ವಿಷಯವನ್ನು ಲೆಕ್ಕ ಸಮೇತ ತಿಳಿದುಕೊಳ್ಳುವುದು, ಆಮೇಲೆ ಜಗಳಕ್ಕೆ ಇಳಿಯುವುದು: ಅವರ ಕೆಲಸದ ರೀತಿ ಇದಾಗಿತ್ತು. ಮುಂದೆ ಪಶ್ಚಿಮದ ದೇಶಗಳನ್ನು ಸುತ್ತಿ ಬಂದಾಗ 'ನಾ ಕಂಡ ಪಡುವಣ' ಎಂಬ ಪ್ರವಾಸ ಕಥನವನ್ನೂ ಬರೆದರು.

ಕಂದಾಯ ಬೇರೆ, ಗೇಣಿ ಬೇರೆ

ಅಂಕೋಲೆ ಅಂದರೆ ಸ್ವಾತಂತ್ರ್ಯ ಹೋರಾಟದ ಊರು, ಅದು ನಮಗೆಲ್ಲ ಗೊತ್ತು. 1930ರ ಏಪ್ರಿಲ್ 13ರಂದು ಇಲ್ಲಿಯ ಕಡಲ ಬದಿಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲೆ ಕರನಿರಾಕರಣೆ ಬಂತು. ಸರಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದು ಕೂತ ಮನೆಗಳ ಜಮೀನು, ದನಕರು, ಪಾತ್ರೆ ಪಗಡಿ ಜಪ್ತಿಯಾದವು. 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಆದರೆ ಕಂದಾಯ ಕಟ್ಟುವವನು ಜಮೀನಿನ ಒಡೆಯ. ಅದೇ ಜಮೀನಿನಲ್ಲಿ ಮಳೆಗಾಲದಲ್ಲಿ ಕೆಸರು ತುಳಿದು ನಟ್ಟಿ ಮಾಡುವವನು ಬಹಳ ಕಡೆ ಬೇರೆಯವನು. ಅವನು ಕೊಡುವುದು ಗೇಣಿ. ಅದು ಸರಕಾರಕ್ಕಲ್ಲ, ಒಡೆಯನಿಗೆ. ಹೆಚ್ಚಾಗಿ ಭತ್ತದ ರೂಪದಲ್ಲಿ. ಮಳೆ ಕೈಕೊಟ್ಟರೂ, ಹೊಳೆ ಬಂದು ಗದ್ದೆ ಮುಳುಗಿದರೂ ಗೇಣಿಯ ಲೆಕ್ಕ ನಿಲ್ಲುವುದಿಲ್ಲ. ಮೂಲಗೇಣಿಯವನಿಗೆ ಸ್ವಲ್ಪ ಭದ್ರತೆ ಇತ್ತು. ಚಾಲಗೇಣಿಯವನಿಗೆ ಅದೂ ಇಲ್ಲ. ಒಡೆಯನಿಗೆ ಸಿಟ್ಟು ಬಂದರೆ ಮುಂದಿನ ವರ್ಷ ಗದ್ದೆ ಇನ್ನೊಬ್ಬನಿಗೆ. ಹಾಲಕ್ಕಿಗಳೂ ಸೇರಿ ನಮ್ಮ ಕಡೆಯ ದುಡಿಯುವ ಜನರಲ್ಲಿ ಬಹುಪಾಲು ಇಂಥ ಗೇಣಿದಾರರೇ.

ಬ್ರಿಟಿಷರು ಹೋಗಬೇಕು ಎಂದು ಹೇಳುವಾಗ ಊರೆಲ್ಲ ಒಂದು. ಗೇಣಿ ಇಳಿಯಬೇಕು ಎಂದು ಹೇಳಿದರೆ ಊರೇ ಎರಡಾಗುತ್ತದೆ. ಎದುರಿಗೆ ಇರುವವನು ದೂರದ ಕಲೆಕ್ಟರ್ ಅಲ್ಲ, ಪಕ್ಕದ ದೊಡ್ಡ ಮನೆಯವರು. ದಿನಕರ ದೇಸಾಯಿ ಎತ್ತಿಕೊಂಡದ್ದು ಈ ಎರಡನೆಯ ಪ್ರಶ್ನೆಯನ್ನು. ಮುಂಬಯಿಯಲ್ಲಿ ಹಡಗಿನವರ ನಡುವೆ ಕಲಿತ ಸಂಘಟನೆಯ ಪಾಠವನ್ನು ಅಂಕೋಲೆ, ಕಾರವಾರ, ಕುಮಟೆಯ ಗದ್ದೆ ಬಯಲಿಗೆ ತಂದರು. ಗೇಣಿ ರೈತರ ಸಭೆಗಳು ನಡೆದವು. ಉಳುವವನಿಗೇ ಹೊಲ ಸೇರಬೇಕು ಎಂಬ ಮಾತು ಒಡೆಯರ ಅಂಗಳದಲ್ಲಿ ಕೈಕಟ್ಟಿ ನಿಂತು ರೂಢಿಯಾದವರ ಬಾಯಲ್ಲಿ ಬರತೊಡಗಿತು.

ಐದು ವರ್ಷ ಊರಿಗೆ ಬರುವಂತಿಲ್ಲ

1940ರಲ್ಲಿ ಸರಕಾರ ಅವರನ್ನು ಉತ್ತರ ಕನ್ನಡದಿಂದ ಗಡಿಪಾರು ಮಾಡಿತು. ಜಿಲ್ಲೆಗೆ ಕಾಲಿಡುವಂತಿಲ್ಲ. ಇದು ನಡೆದದ್ದು 1945ರವರೆಗೆ.

ಜೈಲಿಗಿಂತ ಗಡಿಪಾರು ವಾಸಿ ಅಂತ ಅನಿಸಬಹುದು. ಆದರೆ ಒಬ್ಬ ಸಂಘಟಕನಿಗೆ ಇದರ ಏಟು ಬೇರೆ. ಜೈಲಿಗೆ ಹೋದವನ ಸುತ್ತ ಜನ ಸೇರುತ್ತಾರೆ, ಬಿಡುಗಡೆಯ ದಿನ ಹಾರ ಹಾಕುತ್ತಾರೆ. ಗಡಿಪಾರಾದವನು ಸುಮ್ಮನೆ ಕಾಣೆಯಾಗುತ್ತಾನೆ. ರೈತನಿಗೆ ಕಷ್ಟ ಬಂದ ದಿನ ಜೊತೆಗೆ ನಿಲ್ಲುವವರು ಊರಲ್ಲಿ ಇರುವುದಿಲ್ಲ, ಒಡೆಯರು ಮಾತ್ರ ಇರುತ್ತಾರೆ. ಚಳವಳಿಯ ಬೆನ್ನು ಮುರಿಯಲು ಇದಕ್ಕಿಂತ ಸುಲಭದ ಉಪಾಯ ಇಲ್ಲ.

ಗಡಿಪಾರು ಮುಗಿದ ಮೇಲೂ ಅವರು ನಮ್ಮ ಜಿಲ್ಲೆಯನ್ನು ಬಿಡಲಿಲ್ಲ. ಆಗಿನ ಓಡಾಟ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅದಕ್ಕಿಂತ ಮೊದಲು ಮುಂಬಯಿಯಿಂದ ಇಲ್ಲಿಗೆ ಬರಬೇಕೆಂದರೆ ಕಾರವಾರಕ್ಕೆ ಬರುವ ಆಗಬೋಟು ಹಿಡಿಯಬೇಕಿತ್ತು. ಇಲ್ಲವಾದರೆ ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಅರಬೈಲು ಘಟ್ಟ ಇಳಿದು ಬರುವ ದಾರಿ.

ಅದೇ ವರ್ಷ, ಜಮೈಕಾದಲ್ಲಿ

ಇಲ್ಲಿ ಸ್ವಲ್ಪ ದೂರದ ಕತೆ ಹೇಳಬೇಕು. ಕ್ರಿಸ್ ಗೇಲ್ ಊರಾದ ಜಮೈಕಾ ಆಗ ನಮ್ಮ ಹಾಗೇ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಕಬ್ಬಿನ ತೋಟಗಳಲ್ಲಿ, ಬಂದರಿನಲ್ಲಿ ದುಡಿಯುವವರ ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. 1938ರಲ್ಲಿ ದ್ವೀಪದ ತುಂಬ ಮುಷ್ಕರ, ಗಲಭೆ. ಆಗ ಎದ್ದು ನಿಂತವರು ಅಲೆಕ್ಸಾಂಡರ್ ಬುಸ್ತಮಾಂತೆ. ತಮ್ಮ ಹೆಸರಿನಲ್ಲೇ ಕಾರ್ಮಿಕ ಸಂಘ ಕಟ್ಟಿದರು. ಬ್ರಿಟಿಷ್ ಸರಕಾರ ಅವರನ್ನೂ 1940ರಲ್ಲೇ ಹಿಡಿದು ಸುಮಾರು ಒಂದೂವರೆ ವರ್ಷ ಬಂಧನದಲ್ಲಿ ಇಟ್ಟಿತು.

ಅಲ್ಲಿಯವರೆಗೆ ಇಬ್ಬರ ಕತೆಯೂ ಒಂದೇ ಥರ. ಮುಂದೆ ದಾರಿ ಕವಲೊಡೆಯುತ್ತದೆ. ಹೊರಗೆ ಬಂದ ಬುಸ್ತಮಾಂತೆ 1943ರಲ್ಲಿ ಪಕ್ಷ ಕಟ್ಟಿದರು, 1944ರ ಚುನಾವಣೆ ಗೆದ್ದರು. 1962ರಲ್ಲಿ ಜಮೈಕಾ ಸ್ವತಂತ್ರವಾದಾಗ ಮೊದಲ ಪ್ರಧಾನಿಯೂ ಆದರು. ವೆಸ್ಟ್ ಇಂಡೀಸಿನ ಇನ್ನೂ ಹಲವು ದ್ವೀಪಗಳಲ್ಲಿ ಹೀಗೇ ಆಯಿತು: ಮೊದಲು ಸಂಘ, ಆಮೇಲೆ ಪಕ್ಷ, ಆಮೇಲೆ ಸರಕಾರ.

ಅಂಕೋಲೆಯಲ್ಲಿ ಸಂಘದ ನಂತರ ಬಂದದ್ದು ಶಾಲೆ.

ಗೇಣಿ ಪಾವತಿ ಓದಲು ಬರಬೇಕಲ್ಲ

1953ರಲ್ಲಿ ದೇಸಾಯಿಯವರು ಅಂಕೋಲೆಯಲ್ಲಿ 'ಕೆನರಾ ವೆಲ್‌ಫೇರ್ ಟ್ರಸ್ಟ್' ಶುರು ಮಾಡಿದರು. ಮೇಲಿಂದ ನೋಡಿದರೆ ರೈತ ಹೋರಾಟಗಾರ ಹೋರಾಟ ಬಿಟ್ಟು ಸಮಾಜಸೇವೆಗೆ ಇಳಿದ ಹಾಗೆ ಕಾಣುತ್ತದೆ. ನನಗೆ ಹಾಗನಿಸುವುದಿಲ್ಲ. ಅದು ಹೋರಾಟದ ಮುಂದಿನ ಮೆಟ್ಟಿಲು.

ಯಾಕೆ ಅಂದರೆ, ಆ ಹೊತ್ತಿಗೆ ಮುಂಬಯಿ ಸರಕಾರದ ಗೇಣಿ ಕಾಯ್ದೆ ಬಂದಾಗಿತ್ತು. 1948ರ ಕಾಯ್ದೆ ಗೇಣಿದಾರನಿಗೆ ಕೆಲವು ಹಕ್ಕು ಕೊಟ್ಟಿತ್ತು. ಆದರೆ ಹಕ್ಕು ಇರುವುದು ಕಾಗದದಲ್ಲಿ. ಗೇಣಿ ಕೊಟ್ಟಿದ್ದಕ್ಕೆ ಪಾವತಿ ಬೇಕು. ಪಾವತಿಯಲ್ಲಿ ಏನು ಬರೆದಿದೆ ಎಂದು ಓದಲು ಬರಬೇಕು. ಹೆಬ್ಬೆಟ್ಟು ಒತ್ತುವ ಮೊದಲು 'ಇದರಲ್ಲಿ ಏನುಂಟು?' ಎಂದು ಕೇಳುವ ಧೈರ್ಯ ಬೇಕು. ಓದು ಬಾರದ ರೈತನಿಗೆ ಕಾಯ್ದೆಯನ್ನು ಓದಿ ಹೇಳುವವನು ಯಾರು? ಹಲವು ಸಲ ಒಡೆಯನೇ, ಇಲ್ಲಾ ಒಡೆಯನ ಕಡೆಯವನೇ.

ಪಟ್ಟಣದ ಮಕ್ಕಳಿಗೆ ಹೇಗೂ ಶಾಲೆ ಇತ್ತು. ಬೇಕಾದದ್ದು ಗೇಣಿದಾರನ ಮಗ ನಡೆದು ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರದಲ್ಲಿ ಹೈಸ್ಕೂಲು. ಹಾಗೆ ಟ್ರಸ್ಟಿನ ಶಾಲೆಗಳು ಜಿಲ್ಲೆಯ ಬೇರೆ ಬೇರೆ ಕಡೆ ತೆರೆದವು. 'ಜನತಾ ವಿದ್ಯಾಲಯ' ಎಂದು ಇಟ್ಟ ಹೆಸರಿನಲ್ಲೇ ಅವು ಯಾರಿಗಾಗಿ ಎಂಬುದು ಗೊತ್ತಾಗುತ್ತದೆ. 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ ನೆನಪಿಗೆ, ಅಂಕೋಲೆಯಲ್ಲಿ 'ಗೋಖಲೆ ಸೆಂಟೆನರಿ ಕಾಲೇಜು' ಬಂತು. ನಾವು ಜಿ.ಸಿ. ಕಾಲೇಜು ಅಂತ ಕರೆಯುವುದು ಇದನ್ನೇ. ಡಿಗ್ರಿಗಾಗಿ ಮೂರು ಊರು ತಿರುಗಿದ ಹುಡುಗ, ತನ್ನೂರಿನ ಮಕ್ಕಳು ತಿರುಗದ ಹಾಗೆ ಮಾಡಿದ ಕತೆ ಇದು.

ಇದರ ಫಲ ಕಂಡದ್ದು ಸ್ವಲ್ಪ ತಡವಾಗಿ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಭೂಸುಧಾರಣೆ ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರನೇ ಜಮೀನಿನ ಒಡೆಯ ಆಗಬಹುದು ಎಂದಾಯಿತು. ಆದರೆ ತಾನಾಗಿ ಆಗುವುದಿಲ್ಲ. ಫಾರಂ ನಂಬರ್ 7 ತುಂಬಿ 'ಡಿಕ್ಲರೇಶನ್' ಹಾಕಬೇಕು, ಭೂನ್ಯಾಯ ಮಂಡಳಿಯ ಮುಂದೆ ಹಾಜರಾಗಬೇಕು, ಅಲ್ಲಿ ವಕೀಲರೂ ಇಲ್ಲದೆ ತನ್ನ ಮಾತು ತಾನೇ ಹೇಳಬೇಕು. ಒಡೆಯರ ಎದುರು ಗೇಣಿದಾರ ನಿಂತು 'ಈ ಗದ್ದೆ ನಾನು ಮಾಡುವುದು' ಎಂದು ಹೇಳುವುದು ಸಣ್ಣ ವಿಷಯವಾಗಿರಲಿಲ್ಲ. ಮನೆಯಲ್ಲಿ ಹೈಸ್ಕೂಲು ಓದಿದ ಒಬ್ಬ ಮಗ ಇದ್ದರೆ ಅರ್ಜಿ ತುಂಬುವುದರಿಂದ ಹಿಡಿದು ತಾಲೂಕು ಕಚೇರಿಗೆ ಅಲೆಯುವವರೆಗೆ ಎಷ್ಟು ಬಲ ಬಂತು ಎಂಬುದು ಹಿಲ್ಲೂರಿನ ಕಡೆಯ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಕಾಯ್ದೆ ತಂದದ್ದು ದೇಸಾಯಿಯವರಲ್ಲ. ಅದನ್ನು ಬಳಸಿಕೊಳ್ಳುವ ತಲೆಮಾರನ್ನು ತಯಾರು ಮಾಡಿದವರಲ್ಲಿ ಅವರೊಬ್ಬರು.

ನಾಲ್ಕೇ ಸಾಲು

1955ರಲ್ಲಿ ಅವರು 'ಜನಸೇವಕ' ಎಂಬ ವಾರಪತ್ರಿಕೆ ಶುರು ಮಾಡಿದರು. 1972ರವರೆಗೆ ಅದು ನಡೆಯಿತು. ಸಣ್ಣ ಊರಿನಿಂದ ಹೊರಡುವ ಪತ್ರಿಕೆ ಹದಿನೇಳು ವರ್ಷ ಬಾಳುವುದು ಸುಲಭವಲ್ಲ ಅಂತ ಪತ್ರಿಕೆ ಮಾಡಿ ಕೈಸುಟ್ಟುಕೊಂಡವರಿಗೆ ಗೊತ್ತು.

ಬರೆಯುವ ಕೈ ಅವರದ್ದು ಮೊದಲಿನಿಂದಲೂ ಇತ್ತು. ಆದರೆ ಕನ್ನಡದಲ್ಲಿ ಅವರ ಹೆಸರು ನಿಂತದ್ದು ಚುಟುಕದಿಂದ. ನಾಲ್ಕು ಸಾಲು, ಪ್ರಾಸ, ಕೊನೆಗೆ ಒಂದು ಚಿವುಟು. 'ದಿನಕರನ ಚೌಪದಿ' ಎಂಬ ಹೆಸರಿನಲ್ಲಿ ಅವು ಪುಸ್ತಕವಾಗಿ ಬಂದವು. ಜನ ಪ್ರೀತಿಯಿಂದ 'ಚುಟುಕ ಬ್ರಹ್ಮ' ಎಂದರು. ಮಂತ್ರಿ, ಪುಢಾರಿ, ದೇವರ ಹೆಸರಲ್ಲಿ ದುಡ್ಡು ಮಾಡುವವರು, ಸಾಹಿತಿ ಯಾರನ್ನೂ ಬಿಡುತ್ತಿರಲಿಲ್ಲ. ತಮ್ಮನ್ನೂ ಬಿಡುತ್ತಿರಲಿಲ್ಲ.

ಇದನ್ನು ಬರೇ ತಮಾಷೆ ಅಂತ ನೋಡಬೇಡಿ. ಉದ್ದದ ಲೇಖನ ಓದಲು ಪುರುಸೊತ್ತು, ಅಕ್ಷರ ಎರಡೂ ಬೇಕು. ನಾಲ್ಕು ಸಾಲು ಒಬ್ಬ ಓದಿದರೆ ಹತ್ತು ಜನರಿಗೆ ಬಾಯಿಪಾಠ ಆಗುತ್ತದೆ. ಚಾದಂಗಡಿಯಲ್ಲಿ, ಬಸ್ಸಿನಲ್ಲಿ, ಗದ್ದೆಯ ಹಾಳೆಯ ಮೇಲೆ ದಾಟುತ್ತಾ ಹೋಗುತ್ತದೆ. ಈಗ ನಾವು ಒಂದು ಒಳ್ಳೆ ಮೀಮ್ ಸಿಕ್ಕರೆ ಫಾರ್ವರ್ಡ್ ಮಾಡುತ್ತೇವಲ್ಲ, ಹಾಗೆ. ಒಂದೇ ವ್ಯತ್ಯಾಸ, ಅದರ ಕೆಳಗೆ ಬರೆದವರ ಹೆಸರು ಇರುತ್ತಿತ್ತು. ಹೇಳಿದ ಮಾತಿಗೆ ಅವರು ಜವಾಬ್ದಾರರು.

1967: ಪಕ್ಷವಿಲ್ಲದ ಗೆಲುವು

ಕೆನರಾ ಲೋಕಸಭಾ ಕ್ಷೇತ್ರದಲ್ಲಿ 1952, 1957, 1962 ಮೂರೂ ಸಲ ಗೆದ್ದದ್ದು ಕಾಂಗ್ರೆಸ್ಸಿನ ಜೋಕಿಂ ಆಳ್ವ. ಅವರೂ ಸಾಮಾನ್ಯರಲ್ಲ, ಸ್ವಾತಂತ್ರ್ಯ ಹೋರಾಟಗಾರರು, ಪತ್ರಕರ್ತರು. ಹಾಗೆ ಕಾಂಗ್ರೆಸ್ ಬೇರೂರಿದ ಕ್ಷೇತ್ರದಲ್ಲಿ 1967ರಲ್ಲಿ ದಿನಕರ ದೇಸಾಯಿ ಪಕ್ಷೇತರರಾಗಿ ನಿಂತು ಗೆದ್ದರು.

ಪಕ್ಷೇತರ ಅಂದರೆ ಏನೆಂದು ಚುನಾವಣೆಯಲ್ಲಿ ಓಡಾಡಿದವರನ್ನು ಕೇಳಿ. ಮೇಲಿಂದ ದುಡ್ಡಿಲ್ಲ, ಬೂತಿಗೆ ಏಜೆಂಟರಿಲ್ಲ, ಜನಕ್ಕೆ ಗುರುತಿರುವ ಚಿಹ್ನೆ ಇಲ್ಲ. ಆ ವರ್ಷ 520 ಸ್ಥಾನಗಳ ಲೋಕಸಭೆಗೆ ಗೆದ್ದ ಪಕ್ಷೇತರರು 35 ಜನ. ಅವರಲ್ಲಿ ಅಂಕೋಲೆಯ ಕವಿಯೂ ಒಬ್ಬರು. ಅವರ ಹತ್ತಿರ ಪಕ್ಷ ಇರಲಿಲ್ಲ, ಆದರೆ ಗೇಣಿ ಸಭೆಗೆ ಬಂದವರಿದ್ದರು, ಟ್ರಸ್ಟಿನ ಶಾಲೆಯಲ್ಲಿ ಓದಿದವರಿದ್ದರು, ಅವರ ತಂದೆ ತಾಯಂದಿರಿದ್ದರು, 'ಜನಸೇವಕ' ಓದುವವರಿದ್ದರು. ಹತ್ತಿರ ಹತ್ತಿರ ಮೂವತ್ತು ವರ್ಷ ಮಾಡಿದ ಕೆಲಸವೇ ಅವರ ಪ್ರಚಾರ.

ಆದರೆ ಪಕ್ಷೇತರ ಸಂಸದನ ಮಿತಿಯೂ ಅಷ್ಟೇ ದೊಡ್ಡದು. ಸರಕಾರ ಅವನ ಮಾತು ಕೇಳಲೇಬೇಕು ಅಂತೇನಿಲ್ಲ. 1970ರ ಡಿಸೆಂಬರಿನಲ್ಲಿ, ಅವಧಿ ಮುಗಿಯುವ ಒಂದು ವರ್ಷ ಮೊದಲೇ ಇಂದಿರಾ ಗಾಂಧಿ ಸರಕಾರ ಲೋಕಸಭೆಯನ್ನು ವಿಸರ್ಜಿಸಿತು. 1971ರ ಚುನಾವಣೆಯಲ್ಲಿ ದೇಶದ ತುಂಬ ಇಂದಿರಾ ಅಲೆ. ಕ್ಷೇತ್ರ ಕಾಂಗ್ರೆಸ್ಸಿನ ಬಿ.ವಿ. ನಾಯಕರ ಪಾಲಾಯಿತು. ದೇಸಾಯಿಯವರ ಸಂಸತ್ತಿನ ಅಧ್ಯಾಯ ಅಲ್ಲಿಗೆ ಮುಗಿಯಿತು.

ಅವರ ಬದುಕು ಮಾತ್ರ ಅಲ್ಲಿಗೆ ಖಾಲಿಯಾಗಲಿಲ್ಲ. ಟ್ರಸ್ಟ್ ಇತ್ತು, ಶಾಲೆಗಳಿದ್ದವು, ಬರವಣಿಗೆ ಇತ್ತು. ಕುರ್ಚಿ ಹೋದ ಮರುದಿನ ಮಾಡಲು ಕೆಲಸ ಇರುವ ರಾಜಕಾರಣಿಗಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಉಳಿದದ್ದು

1982ರ ನವೆಂಬರ್ 6ರಂದು ದಿನಕರ ದೇಸಾಯಿ ತೀರಿಕೊಂಡರು. ತಾನು ಸತ್ತ ಮೇಲೆ ತನ್ನ ಬೂದಿಯಾದರೂ ಗದ್ದೆಯ ಬೆಳೆಗೆ ಉಪಯೋಗಕ್ಕೆ ಬರಲಿ ಎಂಬ ಅರ್ಥದ ಚುಟುಕವೊಂದನ್ನು ಅವರು ಬರೆದಿದ್ದರು. ಅವರ ಚುಟುಕಗಳಲ್ಲಿ ಜನ ಬಹಳ ನೆನೆಯುವುದು ಅದನ್ನೇ. ಗೇಣಿ ರೈತರ ಜೊತೆ ಬದುಕು ಕಳೆದವರು ಬೇರೆ ಏನು ಕೇಳಿಕೊಳ್ಳುತ್ತಾರೆ ಹೇಳಿ.

ಬುಸ್ತಮಾಂತೆಯವರ ಮುಖ ಜಮೈಕಾದ ನೋಟಿನ ಮೇಲೂ ಬಂದಿದೆ. ದೇಸಾಯಿಯವರ ಮುಖ ನಮ್ಮ ತಲೆಮಾರಿನ ಹೆಚ್ಚಿನವರಿಗೆ ಗುರುತೂ ಸಿಗಲಿಕ್ಕಿಲ್ಲ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ. ನಿಮ್ಮ ಆಫೀಸಿನಲ್ಲಿ ಅಂಕೋಲೆ, ಕಾರವಾರ ಕಡೆಯ ಯಾರಾದರೂ ಇದ್ದರೆ ಒಮ್ಮೆ ಕೇಳಿ ನೋಡಿ: ನೀನು ಯಾವ ಹೈಸ್ಕೂಲಿನಲ್ಲಿ ಓದಿದ್ದು? ನಿನ್ನ ಅಪ್ಪ ಯಾವ ಕಾಲೇಜು? ನಿಮ್ಮ ಅಜ್ಜ ಡಿಕ್ಲರೇಶನ್ ಹಾಕಿದ್ರಾ?

ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಹಿರಿಯರ ಪಕ್ಕ ಕೂತು ಕೇಳಿಕೊಂಡು ಬರಲಿ. ಹೇಳುವವರು ಇನ್ನೂ ಇದ್ದಾರೆ, ಕೇಳುವವರು ಬೇಕು. ಕೇಳಿದ್ದನ್ನು ಬರೆದು ಓದುಗರ ಅಂಕಣಕ್ಕೆ ಕಳಿಸಿದರೆ ಇನ್ನೂ ಒಳ್ಳೆಯದು.